ತಂಪಿದೆ ಸರಿ, ಗಾಳಿ ಎಲ್ಲಿದೆ?

ಭೂಮಧ್ಯರೇಖೆಯ ಪಕ್ಕದ ಊರಿಗೆ ಓದಲು ಬಂದು, ಮನೆಗೆ ಫೋನ್ ಮಾಡಿ "ಅಮ್ಮಾ, ಸ್ವೆಟರ್ ಕಳಿಸು" ಅಂದವರು ನಾವು ಮಾತ್ರ ಅಲ್ಲ ಅಂತ ಈ ಸಂಚಿಕೆಯ ಓದುಗರಿಗೆ ಚೆನ್ನಾಗಿ ಗೊತ್ತು. ಹೊರಗೆ 32 ಡಿಗ್ರಿ ಸೆಕೆ, ಕ್ಲಾಸಿನೊಳಗೆ ಹಲ್ಲು ಕಟಕಟ. ಸಿಂಗಾಪುರಕ್ಕೂ ಏಸಿಗೂ ಹಳೆಯ ನಂಟು. ಪ್ರಧಾನಿಯಾದ ಕೂಡಲೇ ಸರ್ಕಾರಿ ನೌಕರರ ಕಚೇರಿಗಳಿಗೆ ಏಸಿ ಹಾಕಿಸಿದ್ದಾಗಿ ಲೀ ಕ್ವಾನ್ ಯೂ ಅವರೇ ಹೇಳಿಕೊಂಡಿದ್ದರು. ಈ ಸೆಕೆಯಲ್ಲಿ ಕೂತು ಕೆಲಸ ಮಾಡಲು ಅದು ಬೇಕಿತ್ತು, ಇಲ್ಲ ಅನ್ನೋಕೆ ಆಗಲ್ಲ. ಆದರೆ ಎರಡು ಸೆಮಿಸ್ಟರ್ ಕಟ್ಟಡಗಳ ಬಗ್ಗೆ ಓದಿದ ಮೇಲೆ ನಮ್ಮ ತಲೆಯಲ್ಲಿ ಕೂತ ವಿಷಯ ಒಂದೇ: ತಂಪು ಬೇರೆ, ಗಾಳಿ ಬೇರೆ.

ಮನೆಗಳಲ್ಲಿರುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ನಾವು ಮೂವರು ಬಾಡಿಗೆಗಿರುವ ಎಚ್‌ಡಿಬಿ ಫ್ಲ್ಯಾಟಿನ ದೊಡ್ಡ ಕೋಣೆಯಲ್ಲಿ ಸುಮಾರು 30 ಘನ ಮೀಟರ್ ಗಾಳಿ ಇದೆ, ಮಲಗುವವರು ಇಬ್ಬರು. ನಿದ್ದೆಯಲ್ಲಿ ಒಬ್ಬೊಬ್ಬರೂ ಗಂಟೆಗೆ ಸುಮಾರು 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ಗಾಳಿ ಎಲ್ಲೂ ಸೋರದಿದ್ದರೆ ಗಂಟೆಗೆ 800 ಪಿಪಿಎಂ ಏರಿಕೆ. ಹೊರಗಿನ ಗಾಳಿಯಲ್ಲಿರುವುದು 420ರ ಆಸುಪಾಸು. ಬಾಗಿಲ ಸಂದಿಯಲ್ಲಿ ಸೋರುವುದರಿಂದ ಪೂರ್ತಿ ಅಷ್ಟು ಏರಲ್ಲ. ಆದರೂ ಸೀನಿಯರ್ ಒಬ್ಬರು ಬಿಟ್ಟುಹೋದ ಮೀಟರ್ ಇಟ್ಟು ನೋಡಿದರೆ ಬೆಳಗಾಗುವಷ್ಟರಲ್ಲಿ 2000 ದಾಟಿರುತ್ತದೆ. ಈ ಮಟ್ಟದಲ್ಲಿ ಅದು ವಿಷವೇನಲ್ಲ, ಚಾಡಿ ಹೇಳುವ ಹುಡುಗನಿದ್ದಂತೆ. ನಾವು ಬಿಟ್ಟ ಉಸಿರು ಹೊರಗೆ ಹೋಗಿಲ್ಲ, ಅದರ ಜೊತೆಗಿದ್ದ ವೈರಾಣು, ತೇವ, ವಾಸನೆಯೂ ಹೋಗಿಲ್ಲ ಅಂತ ಹೇಳಿಬಿಡುತ್ತದೆ.

ನಮ್ಮಲ್ಲೊಬ್ಬನಿಗೆ ಚಿಕ್ಕಂದಿನಿಂದ ಉಬ್ಬಸ. ಹಾಗಾಗಿ ಇದು ನಮಗೆ ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಕಿಟಕಿ ಮುಚ್ಚಿಟ್ಟರೆ ತೇವಕ್ಕೆ ಕಬೋರ್ಡಿನಲ್ಲಿ ಬೂಷ್ಟು. ತೆರೆದಿಟ್ಟರೆ, ಸುಮಾತ್ರಾದ ಕಾಡಿಗೆ ಬೆಂಕಿ ಬಿದ್ದ ದಿನಗಳಲ್ಲಿ ಹೊಗೆ. 2013ರ ಜೂನ್ 21ರಂದು ಇಲ್ಲಿನ ಮಾಲಿನ್ಯ ಸೂಚ್ಯಂಕ 401 ಮುಟ್ಟಿತ್ತು. 300 ದಾಟಿದರೇ ಅಪಾಯಕಾರಿ. ಇನ್ನು ಅಡುಗೆಮನೆಯಲ್ಲಿ ನಮ್ಮದೇ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು. ಮೂರಕ್ಕೂ ಅವನ ಎದೆ ಸುಂಯ್‌ಗುಟ್ಟುತ್ತದೆ. ಅಂದರೆ ಹೊಸ ಗಾಳಿ ಬರಬೇಕು, ಸೋಸಿಕೊಂಡು ಬರಬೇಕು, ತೇವ ಮತ್ತು ಹೊಗೆ ಹೊರಗೆ ಹೋಗಬೇಕು.

ಊರಿನ ಮನೆಗಳು ಇದರಲ್ಲಿ ಅರ್ಧ ಕೆಲಸವನ್ನು ಸುಮ್ಮನೆ ಮಾಡುತ್ತಿದ್ದವು. ತೊಟ್ಟಿ ಮನೆಯ ನಡುವಿನ ತೆರೆದ ಜಾಗದಿಂದ, ಹಂಚಿನ ಮನೆಯ ಗವಾಕ್ಷಿಯಿಂದ ಬಿಸಿ ಗಾಳಿ ತಾನಾಗಿ ಮೇಲೆ ಹೋಗುತ್ತಿತ್ತು, ಕೆಳಗಿನಿಂದ ಹೊಸದು ಬರುತ್ತಿತ್ತು. ಹಾಗಂತ ಹಳೇದೆಲ್ಲ ಒಳ್ಳೇದು ಅಂತಲ್ಲ. ಸೌದೆ ಒಲೆ ಊದಿ ಊದಿ ಕೆಮ್ಮುತ್ತಿದ್ದ ಅಜ್ಜಿಯರನ್ನೂ ನಾವು ನೋಡಿದ್ದೇವೆ.

ಅದೇ ಗವಾಕ್ಷಿಯ ತತ್ವ ಇಲ್ಲಿ ಬ್ರಾಡೆಲ್ ರಸ್ತೆಯಲ್ಲಿದೆ ಎಂದರೆ ನಂಬುತ್ತೀರಾ? ಕಟ್ಟಡ ಮತ್ತು ನಿರ್ಮಾಣ ಪ್ರಾಧಿಕಾರದ (ಬಿಸಿಎ) ಅಕಾಡೆಮಿಯಲ್ಲಿ ಹಳೆಯ ಮೂರು ಮಹಡಿಯ ವರ್ಕ್‌ಶಾಪ್ ಕಟ್ಟಡವೊಂದನ್ನು ಕೆಡವದೆ, ಮಾರ್ಪಡಿಸಿ, 2009ರಲ್ಲಿ ದೇಶದ ಮೊದಲ ಶೂನ್ಯ ಇಂಧನ ಕಟ್ಟಡವನ್ನಾಗಿ ಮಾಡಿದರು. ಅದರ ಛಾವಣಿಯ ಮೇಲೆ ಸೌರ ಚಿಮಣಿಗಳಿವೆ. ಬಿಸಿಲಿಗೆ ಚಿಮಣಿ ಕಾದಂತೆ ಒಳಗಿನ ಗಾಳಿ ಮೇಲೇರಿ, ಕೆಳಗಿನ ತರಗತಿಗಳ ಬಿಸಿ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಿಸಿಲು ಹೆಚ್ಚಾದಷ್ಟೂ ಗಾಳಿಯಾಟ ಹೆಚ್ಚು.

2019ರಲ್ಲಿ ಎನ್‌ಯುಎಸ್‌ನಲ್ಲಿ ತೆರೆದ ಎಸ್‌ಡಿಇ4 ಕಟ್ಟಡ ಹೊಸದಾಗಿ ಕಟ್ಟಿದ್ದು. ಅಲ್ಲಿನ ಉಪಾಯ ಇನ್ನೂ ಸರಳ. ಹೊರಗಿನ ಗಾಳಿಯನ್ನೇ ಸ್ವಲ್ಪ ತಣ್ಣಗೆ ಮಾಡಿ ಒಳಗೆ ಬಿಡುತ್ತಾರೆ, ಉಳಿದದ್ದನ್ನು ಸೀಲಿಂಗ್ ಫ್ಯಾನ್ ನೋಡಿಕೊಳ್ಳುತ್ತದೆ. ಬೀಸುವ ಗಾಳಿ ಬೆವರನ್ನು ಆರಿಸುವುದರಿಂದ ಎರಡು ಮೂರು ಡಿಗ್ರಿ ಬಿಸಿ ಹೆಚ್ಚಿದ್ದರೂ ಮೈಗೆ ಹಿತ. ಸ್ವೆಟರ್ರೂ ಬೇಡ.

ಹಾಗಿದ್ದರೆ ಎಲ್ಲರೂ ಯಾಕೆ ಹೀಗೆ ಮಾಡಲ್ಲ? ಕಾರಣ ಕರೆಂಟ್ ಬಿಲ್ಲು. ಹೊರಗಿನ ಪ್ರತಿ ಘನ ಮೀಟರ್ ಗಾಳಿಯೂ ಬಿಸಿ ಮತ್ತು ತೇವ ಹೊತ್ತು ಬರುತ್ತದೆ. ಅದನ್ನು ಇಳಿಸಲು ಯಂತ್ರ ದುಡಿಯಬೇಕು. ಹೊಸ ಗಾಳಿ ಕಡಿಮೆ ಮಾಡಿದರೆ ಬಿಲ್ ಇಳಿದದ್ದು ಎಲ್ಲರಿಗೂ ಕಾಣುತ್ತದೆ. ಮಧ್ಯಾಹ್ನದ ತಲೆನೋವು, ಒಬ್ಬರಿಂದ ಒಬ್ಬರಿಗೆ ಹಬ್ಬುವ ನೆಗಡಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ನಮ್ಮ ಮೂವರ ನಡುವೆಯೂ ಇದೇ ಜಗಳ ನಡೆದು, ಕೊನೆಗೆ ಒಪ್ಪಂದವಾಯಿತು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆದ್ದರಿಂದ ಏಸಿ 27ಕ್ಕೆ, ಪಕ್ಕದಲ್ಲೊಂದು ಸ್ಟ್ಯಾಂಡ್ ಫ್ಯಾನ್, ಹೊಗೆಯಿಲ್ಲದ ರಾತ್ರಿ ನಾಲ್ಕು ಬೆರಳು ತೆರೆದ ಕಿಟಕಿ, ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು, ಒಗ್ಗರಣೆಗೆ ಮೊದಲು ಎಕ್ಸಾಸ್ಟ್ ಹಾಕುವುದು. ಬೆಳಗಿನ ಅಂಕಿ ಈಗ 1000ದ ಒಳಗಿದೆ. ಗೆಳೆಯನ ಇನ್ಹೇಲರ್ ಬ್ಯಾಗಿನಿಂದ ಹೊರಬರುವುದೂ ಕಡಿಮೆಯಾಗಿದೆ.

ಮುಂದಿನ ವರ್ಷ ನಮ್ಮಲ್ಲಿಬ್ಬರು ಬೆಂಗಳೂರಿಗೆ ವಾಪಸ್. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಆ ಊರಿನಲ್ಲಿ ವರ್ಷದ ಹೆಚ್ಚಿನ ತಿಂಗಳು ಕಿಟಕಿ, ಫ್ಯಾನು ಸಾಕು. ಆದರೂ ಹೊರವರ್ತುಲ ರಸ್ತೆಯುದ್ದಕ್ಕೂ ಎದ್ದಿರುವುದು ಗಾಜಿನ ಪೆಟ್ಟಿಗೆಗಳು. ಅವನ್ನು ಕೆಡವಲು ಆಗಲ್ಲ. ಬಿಸಿಲಿಗೆ ಅಡ್ಡ ಚಜ್ಜಾ, ತೆರೆಯಲು ಬರುವ ಕಿಟಕಿ, ಟ್ರಾಫಿಕ್ಕಿನ ಧೂಳು ಸೋಸುವ ಫಿಲ್ಟರ್, ಫ್ಯಾನ್ ಇವನ್ನಂತೂ ಸೇರಿಸಬಹುದು. ಅಂಥ ಕೆಲಸಕ್ಕೆ ಸೇರಿದರೆ ಮೊದಲ ಮೀಟಿಂಗಿನಲ್ಲೇ ಕೇಳೋಣ ಅಂತ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇವೆ: "ಸರ್, ಇಲ್ಲಿ ಒಬ್ಬೊಬ್ಬರಿಗೆ ಎಷ್ಟು ಹೊಸ ಗಾಳಿ ಬರತ್ತೆ?"

ಅಲ್ಲಿವರೆಗೆ ಮೀಟರ್ ನಮ್ಮ ಹತ್ತಿರವೇ ಇದೆ. ನಿಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ರಾತ್ರಿ ಇಟ್ಟು ನೋಡಬೇಕೆನ್ನಿಸಿದರೆ ಸಂಘದ ಯುಗಾದಿ ಊಟದ ದಿನ ಕೇಳಿ ಪಡೆಯಿರಿ. ಬ್ಯಾಟರಿ ಮಾತ್ರ ನಿಮ್ಮದೇ!