ಅಳಿಸಿಹೋದ ಹಾಡುಗಳು

ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿದರೆ ಕಂಪ್ಯೂಟರು ಅಗ್ಗವಾಗುವದೆಂದು, ವಿಜಯಪುರದಲ್ಲಿ ಓದುತ್ತಿರುವ ಅಕ್ಕನ ಮಗನು ಹೇಳಿದನು. ಹಣವೇನೋ ಸ್ವಲ್ಪ ಉಳಿಯಿತು. ರವಿವಾರ ಸಂಜೆಗೆ ದೀಪವು ಹೊತ್ತಿ, ಒಳಗಿನ ಫ್ಯಾನು ತಿರುಗಿತು; ಪರದೆಯು ಮಾತ್ರ ಬರಿಯ ಕಪ್ಪು. ಆಪರೇಟಿಂಗ್ ಸಿಸ್ಟಮ್ ಹಾಕುವವರೆಗೆ ಅದು ಗೃಹಿಣಿಯಿಲ್ಲದ ಮನೆ: ಪಾತ್ರೆ ಪಡಗಗಳೆಲ್ಲ ಇದ್ದರೂ ಒಲೆ ಹೊತ್ತದು.

ನಾವು ಆರಿಸಿದ್ದು 1993ರಲ್ಲಿ ಆರಂಭವಾದ ಡೆಬಿಯನ್. ಅದಕ್ಕೆ ಬೆಲೆಯಿಲ್ಲ, ಹಾಕುವಾಗ ಬರುವ ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಓದಬಹುದು. ಅಳಿಯನು ಅದನ್ನು ಪೆನ್‌ಡ್ರೈವಿನಲ್ಲಿ ತುಂಬಿ, ಯಂತ್ರವು ಮೊದಲು ಪೆನ್‌ಡ್ರೈವನ್ನೇ ನೋಡುವಂತೆ ಬಯೋಸ್ ಸೆಟ್ಟಿಂಗಿನಲ್ಲಿ ತಿದ್ದಿ, ಬಬಲೇಶ್ವರದ ಬಸ್ಸು ತಪ್ಪೀತೆಂದು ಊರಿಗೆ ಹೊರಟುಬಿಟ್ಟನು. ಭಾಷೆ, ದೇಶ, ಪಾಸ್‌ವರ್ಡು ಎಲ್ಲಕ್ಕೂ ನಾನು ಜಾಣನಂತೆ ಉತ್ತರ ಕೊಟ್ಟೆನು. ಬಳಿಕ, ಯಾವ ಡಿಸ್ಕನ್ನು ಪೂರ್ತಿಯಾಗಿ ಬಳಸಲಿ ಎಂಬ ಪ್ರಶ್ನೆ. ಪಟ್ಟಿಯಲ್ಲಿ ಎರಡಿದ್ದವು, ಎರಡೂ 500 ಜಿಬಿಯವು. ಮೊದಲನೆಯದನ್ನು ಒತ್ತಿದೆನು. ನಿಶ್ಚಯವೇ ಎಂದು ಮತ್ತೊಮ್ಮೆ ಕೇಳಿತು. ಅದಕ್ಕೂ ಹೂಂ ಎಂದೆನು.

ಅದು ನನ್ನ ಕಡತಗಳನ್ನಿಟ್ಟಿದ್ದ ಹಳೆಯ ಡಿಸ್ಕು. ತಿಕೋಟಾದ ಮನೆಯಲ್ಲಿ ನಮ್ಮ ಅವ್ವನು ಹಾಡಿದ 14 ಬೀಸುಕಲ್ಲಿನ ಹಾಡುಗಳು ಅದರಲ್ಲಿದ್ದವು. ಅವ್ವನು ತೀರಿ ಆರು ವರ್ಷಗಳಾದವು. ಬೇರೆ ಪ್ರತಿಯನ್ನು ನಾನು ಮಾಡಿರಲಿಲ್ಲ. ಆ ಡಿಸ್ಕಿನ ತಂತಿಯನ್ನು ಮೊದಲೇ ಕಿತ್ತಿಟ್ಟಿದ್ದರೆ ತೀರುತ್ತಿತ್ತು. ಅಷ್ಟು ಸಣ್ಣ ಕೆಲಸ!

ಫೋನಿನಲ್ಲಿ ಅಳಿಯನು, "ಮಾಮಾ, ಇನ್ನ ಅದನ್ನ ಮುಟ್ಟಬ್ಯಾಡ್ರಿ, ಬಂದ್ ಮಾಡ್ರಿ," ಎಂದನು. ಮರುದಿನ ಬಂದು ತಿಳಿಸಿ ಹೇಳಿದನು. ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಹೀಗಾದಾಗ ಮೊದಲು ಹೋಗುವದು ಕಡತಗಳ ಸೂಚಿ. ಉತಾರೆಯಲ್ಲಿ ಹೆಸರು ಹೋದರೂ ಹೊಲವು ಇದ್ದಲ್ಲಿಯೇ ಇರುವದಷ್ಟೆ? ಹೊಸ ಒಡೆಯನು ನೇಗಿಲು ಹೂಡಿದಷ್ಟು ಭಾಗ ಮಾತ್ರ ಕೆಡುವದು. ಫೋಟೋರೆಕ್ ಎಂಬ ಸಾಧನವು ಹೆಸರನ್ನು ನೋಡದೆ, ಕಡತದ ಒಳಗಿನ ಗುರುತನ್ನು ನೋಡಿ ಹುಡುಕುವದು. ದೊರೆತುದನ್ನು ಬೇರೊಂದು ಡಿಸ್ಕಿನಲ್ಲಿ ಇಡಬೇಕು. ಅಲ್ಲಿಯೇ ಇಟ್ಟರೆ ಉಳಿದುದೂ ಅಳಿಯುವದು. ರಾತ್ರಿಯೆಲ್ಲ ಅದು ಹುಡುಕಿತು, ನನಗೆ ನಿದ್ದೆಯಿಲ್ಲ.

ಬೆಳಗಿಗೆ ನೂರಾರು ಧ್ವನಿಗಳು ದೊರೆತಿದ್ದವು, ಹೆಸರಿನ ಬದಲು ಬರಿಯ ಅಂಕಿಗಳನ್ನು ಹೊತ್ತು. ಅವನ್ನು ಒಯ್ದು ಬಬಲೇಶ್ವರದಲ್ಲಿ ಅಕ್ಕನ ಮುಂದೆ ಒಂದೊಂದಾಗಿ ಕೇಳಿಸಿದೆನು. ಯಾರದೋ ಮದುವೆಯ ಬಾಜಾ ಬಂದಿತು, ಯಾವದೋ ಭಾಷಣ ಬಂದಿತು. ಆಮೇಲೆ ಕಲ್ಲಿನ ಸಪ್ಪಳ, ಅದರ ಹಿಂದೆಯೇ ಅವ್ವನ ದನಿ. ಅಕ್ಕನು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

ಸಂಜೆಯವರೆಗೆ 11 ಹಾಡುಗಳು ಸಿಕ್ಕವು. ಉಳಿದ ಮೂರನ್ನು ತಾನೇ ಹಾಡುವೆನೆಂದು ಅಕ್ಕನು ಮುಂದಾದಳು. ಎರಡನ್ನು ಪೂರ್ತಿ ಹಾಡಿದಳು. ಮೂರನೆಯದರ ಮೊದಲ ನುಡಿಯಷ್ಟೇ ಅವಳಿಗೆ ನೆನಪಿತ್ತು.