ಮುಂದಿನ ಸಂಚಿಕೆಯವರೆಗೆ

ಮದರಾಸಿನಿಂದ ಬರುತ್ತಿದ್ದ ‘ಚಂದಮಾಮ’ದ ಹಲವು ಅದ್ಭುತ ಧಾರಾವಾಹಿಗಳನ್ನು ತೆಲುಗಿನಲ್ಲಿ ರಚಿಸಿದವರು ದಾಸರಿ ಸುಬ್ರಹ್ಮಣ್ಯಂ, ಓದುವ ಮಕ್ಕಳಿಗೆ ಅವರ ಹೆಸರು ತಿಳಿದಿರಲಿಲ್ಲ. ಆಗಿನ ವಿಜಾಪುರ ಜಿಲ್ಲೆಯ ಹುನಗುಂದ ಸೀಮೆಯಲ್ಲಿ ಗುರುಗಳೊಬ್ಬರು ಅವನ್ನು ಶಾಲೆಯ ಕಟ್ಟೆಯ ಮೇಲೆ ಕುಳಿತು ಓದಿ ಹೇಳುತ್ತಿದ್ದರು. ರಾಜಕುಮಾರನು ಗುಹೆಯ ಬಾಗಿಲಿಗೆ ಬಂದನೆನ್ನುವಷ್ಟರಲ್ಲಿ ಕಥೆ ನಿಲ್ಲುತ್ತಿತ್ತು.

“ಮುಂದೇನಾತ್ರೀ, ಗುರುಗಳ?”

“ನನಗೂ ಗೊತ್ತಿಲ್ಲಪಾ!”

ಬಲ್ಲವರಂತೆ ನಟಿಸದ ಆ ಮಾತೇ ಮಕ್ಕಳನ್ನು ಅವರ ಸಮೀಪಕ್ಕೆ ಸೆಳೆಯಿತೆನ್ನಬೇಕು.

1972ರ ಬರದಲ್ಲಿ ಬಾಲಕನೊಬ್ಬನು ತಂದೆತಾಯಿಯರೊಡನೆ ಗುಳೆ ಹೋದನು. ಕಥೆ ಅರ್ಧದಲ್ಲಿತ್ತು. ಗುರುಗಳು ಅವನಿಗಾಗಿ ಸಂಚಿಕೆಗಳನ್ನು ಪೆಟ್ಟಿಗೆಯಲ್ಲಿ ಕಾದಿರಿಸಿದರು. ಮಳೆಯಾಗಿ ಅವನು ಮರಳಿದಾಗ ಮುಂದಿಟ್ಟರು. ಹುಡುಗನು ಪುಟ ತೆರೆಯಲಿಲ್ಲ. ದುಡಿಯಲು ಹೋದೆಡೆ, ಹಸಿದ ತಮ್ಮನನ್ನು ಮಲಗಿಸಲು, ಆ ಕಥೆಯನ್ನು ರಾತ್ರಿಗಿಷ್ಟರಂತೆ ತಾನೇ ಬೆಳೆಸಿದ್ದನಂತೆ.

“ಮೊದಲ ನಂದು ಕೇಳ್ರಿ,” ಎಂದನು.

ಗುರುಗಳು ಜರುಗಿ, ಕಟ್ಟೆಯ ಮೇಲೆ ಅವನಿಗೆ ಸ್ಥಳ ಮಾಡಿಕೊಟ್ಟರು.