ಬರಿಗೈಲಿ ಒಂದು ದಿನ

ಕೂತು ಗಂಡು ಕೆಟ್ಟ, ತಿರುಗಿ ಹೆಣ್ಣು ಕೆಟ್ಟಳು ಅಂತ ನಮ್ಮ ಕಡೆ ಗಾದೆ. ನಮ್ಮವ್ವ ತಿರುಗಿದ್ದಾಳೆ, ಇಲ್ಲವೆನ್ನಲಾರೆ. ನೀರಿಗೆ, ಸೌದೆಗೆ, ಕೂಲಿಗೆ, ಸೊಸೈಟಿ ಅಕ್ಕಿಗೆ, ನನ್ನ ಹಾಸ್ಟೆಲ್ಲಿನ ಅರ್ಜಿಗೆ. ಆದರೆ ಅವಳು ಬರಿಗೈಲಿ ನಡೆದದ್ದನ್ನು ನಾನು ಕಂಡಿಲ್ಲ. ತಲೆ ಮೇಲೊಂದು, ಸೊಂಟದ ಮೇಲೊಂದು ಇದ್ದರೆ ಯಾರೂ ಏನೂ ಅನ್ನರು. ಹೊರೆ ಇಳಿಸಿ ಸುಮ್ಮನೆ ನಡೆದರೆ ಮಾತ್ರ ಹೆಣ್ಣು 'ಬೀದಿ ಸುತ್ತೋಳು' ಆಗುತ್ತಾಳೆ.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಸ್ಕಾಲರ್‌ಶಿಪ್ಪಿನ ಮೇಲೆ ಜರ್ಮನಿಗೆ ಓದಲು ಬಂದೆ. ಊಟದಲ್ಲಿ ಉಳಿಸಿದ ದುಡ್ಡಲ್ಲಿ, ರಜೆಗೆ, ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹೋದೆ. ಒಬ್ಬಳೇ, ಬೆನ್ನಿಗೊಂದು ಚೀಲ ಹಾಕಿಕೊಂಡು. ಅಲ್ಲಿ ನನಗೆ ಕೆಲಸವಿರಲಿಲ್ಲ, ನೆಂಟರಿರಲಿಲ್ಲ. ಕೆಲಸವಿಲ್ಲದ ಆ ಒಂದು ದಿನವನ್ನೇ ನಿಮಗೆ ಹೇಳಬೇಕು.

ಅಗ್ಗದ ತಂಗುಮನೆ. ಎಂಟು ಹಾಸಿಗೆಯ ಕೋಣೆಯಲ್ಲಿ ಒಂದು ಹಾಸಿಗೆ ನನ್ನದು. ಬೀಗದ ಕೈಗೆ ಅವರ ಭಾಷೆಯಲ್ಲಿ ಏನಂತಾರೆ ಅಂತ ಕೌಂಟರಿನ ಹುಡುಗಿಯನ್ನು ಕೇಳಿದರೆ 'ಶಾವ್' ಅಂದಳು. ನಮ್ಮ ಚಾವಿ! ಚಾವಿ, ಪಾದ್ರಿ, ಬಟಾಟೆ, ಪಗಾರ ಎಲ್ಲ ಪೋರ್ಚುಗೀಸರ ಹಡಗಿನಲ್ಲಿ ಬಂದ ಮಾತುಗಳು. ವಾಸ್ಕೋ ಡ ಗಾಮ 1497ರಲ್ಲಿ ಈ ಊರಿನ ನದಿದಡದಿಂದಲೇ ಹೊರಟು 1498ರಲ್ಲಿ ಕೋಳಿಕೋಡು ಮುಟ್ಟಿದ. ಹಿಂದೆಯೇ ಫಿರಂಗಿ ಬಂತು, ಮಾತೂ ಬಂತು. ಪಗಾರ ಅನ್ನೋ ಮಾತೂ ಬಂತು. ನಮ್ಮವ್ವನಿಗೆ ಮಾತ್ರ ಪಗಾರ ಬರಲಿಲ್ಲ, ಅವಳದು ಕೂಲಿ.

ಬೆಳಿಗ್ಗೆ ಹೊರಡುವಾಗ ಒಬ್ಬ ಹೆಂಗಸು ಮೆಟ್ಟಿಲು ಒರೆಸುತ್ತಿದ್ದಳು. ಕೇಪ್ ವರ್ಡಿಯವಳಂತೆ. 1975ರವರೆಗೆ ಪೋರ್ಚುಗಲ್ಲಿನ ಕೈಕೆಳಗಿದ್ದ ದ್ವೀಪಗಳವು. ಒದ್ದೆ ಮೆಟ್ಟಿಲ ಮೇಲೆ ಕಾಲಿಡಲಾರದೆ ಚಪ್ಪಲಿ ಕೈಲಿ ಹಿಡಿದು ನಿಂತೆ. ಅವಳು ನಕ್ಕು, ಹೋಗು ಹೋಗು ಅಂತ ಕೈ ಮಾಡಿದಳು. ನಾನು ಸುಮ್ಮನೆ ಕಳೆಯಲಿದ್ದ ದಿನ ಅವಳ ದುಡಿಮೆಯ ಮೇಲೆ ನಿಂತಿದೆ ಅನ್ನುವುದು ಸಂಜೆಯತನಕ ಕಾಲಿಗೆ ಅಂಟಿಕೊಂಡೇ ಬಂತು.

ಆಲ್ಫಾಮ ಊರಿನ ಹಳೇ ಕೇರಿ. 1755ರ ಭೂಕಂಪ ತಗ್ಗಿನ ಪೇಟೆಯನ್ನೆಲ್ಲ ನೆಲಸಮ ಮಾಡಿದರೂ ಇದು ಬಹುಪಾಲು ಉಳಿಯಿತು. ಗಾಡಿ ನುಗ್ಗದ ಓಣಿ, ಮೆಟ್ಟಿಲ ಮೇಲೆ ಮೆಟ್ಟಿಲು, ಕಿಟಕಿಗೆ ನೇತುಬಿಟ್ಟ ಒದ್ದೆ ಬಟ್ಟೆ. 28ನೇ ನಂಬರಿನ ಹಳದಿ ಟ್ರಾಮು ಜನ ತುಂಬಿಕೊಂಡು ಏದುತ್ತ ಹೋಯಿತು. ನಾನು ಹತ್ತಲಿಲ್ಲ. ಅವಸರವೇನು? ಈ ಊರಿನ ಬೀದಿಗಳಲ್ಲಿ ಬಿಳಿ ಸುಣ್ಣಕಲ್ಲು, ಕರಿಕಲ್ಲಿನ ಚೂರುಗಳನ್ನು ಒಂದೊಂದಾಗಿ ಕೂರಿಸಿದ ನೆಲ. 1842ರಲ್ಲಿ ಮೇಲಿನ ಕೋಟೆಯಲ್ಲಿ ಇಂಥ ಚಿತ್ತಾರದ ನೆಲ ಹಾಸಿದ್ದು ಕೈದಿಗಳ ಕೈಗಳು. ಹೆಣ್ಣುಮಗಳು ತಲೆ ತಗ್ಗಿಸಿ ನಡೀಬೇಕು ಅಂತಿದ್ದರು ಊರಲ್ಲಿ. ಇಲ್ಲಿ ತಗ್ಗಿಸಿದೆ, ಆ ಕಲ್ಲು ನೋಡಲು.

ಸಾಂತ ಲುಜಿಯ ಎಂಬ ದಿಬ್ಬದಲ್ಲಿ, ಕೆಳಗೆ ತೇಜು ನದಿ ಕಾಣುವ ಹಾಗೆ ಕೂತೆ. ಸುಮ್ಮನೆ ಕೂರಲು ಮೊದಲು ಬರಲೇ ಇಲ್ಲ. ಕೈಗಳು ಏನೋ ಹುಡುಕಿದವು. ಎರಡು ಸಲ ಹಿಂದೆ ತಿರುಗಿ ನೋಡಿದೆ, 'ಇಲ್ಯಾಕೆ ಕೂತಿದ್ದೀಯೆ, ಯಾರ ಮಗಳು ನೀನು' ಅಂತ ಯಾರಾದರೂ ಕೇಳಿಯಾರು ಎಂದು. ಯಾರೂ ಕೇಳಲಿಲ್ಲ. ಬ್ರೆಡ್ಡು, ಕಿತ್ತಳೆ ತಿಂದೆ. ಒಂದು ಗಂಟೆ ಕೂತೆ.

ಹಾಗಂತ ಇದನ್ನು ಸ್ವರ್ಗ ಅಂತ ತಿಳಿಯಬೇಡಿ. ಅಲ್ಲಿಂದ ಇಳಿದ ಮೇಲೆ ಒಂದು ಅಂಗಡಿಯಲ್ಲಿ ಬಿಳಿ ಹುಡುಗಿಯರೆಲ್ಲ ಹಾಗೇ ಹೊರಗೆ ಹೋದರು. ನನ್ನ ಚೀಲ ಮಾತ್ರ ಬಿಚ್ಚಿಸಿ ನೋಡಿದರು. ಇನ್ನೊಂದು ಅಂಗಡಿಯ ಗಾಜಿನೊಳಗೆ ಹಳೇ ಫೋಟೋ. ಮೀನಿನ ಬುಟ್ಟಿ ತಲೆ ಮೇಲೆ ಹೊತ್ತು ಬೀದಿ ಬೀದಿ ಕೂಗಿ ಮಾರುತ್ತಿದ್ದ ವರೀನಾ ಹೆಂಗಸರು. ಬರಿಗಾಲು, ಬುಟ್ಟಿಯ ಕೆಳಗೆ ನಮ್ಮವ್ವನ ತಲೆ ಮೇಲಿನಂಥದೇ ಸಿಂಬೆ. ಬಹಳ ಹೊತ್ತು ನಿಂತು ನೋಡಿದೆ. ಇವರಿಗೂ ಹೊರೆಯಿದ್ದರೆ ಮಾತ್ರ ಬೀದಿ.

ಯುರೋಪಿನ ಹೆಂಗಸರು ಹುಟ್ಟಾ ಬಿಡುಗಡೆ ಪಡೆದವರು ಅಂತ ನಾನೂ ತಿಳಿದಿದ್ದೆ. ಈ ದೇಶದಲ್ಲಿ 1926ರಿಂದ 1974ರವರೆಗೆ, 48 ವರ್ಷ, ಸರ್ವಾಧಿಕಾರವಿತ್ತು. 1936ರಲ್ಲಿ ಬಂದ ಕಾನೂನಿನಂತೆ ಪ್ರೈಮರಿ ಶಾಲೆಯ ಮೇಡಂ ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಬೇಕು. ಗಂಡಿನ ನಡತೆ, ವರಮಾನ ಎರಡನ್ನೂ ಸರ್ಕಾರ ನೋಡುತ್ತಿತ್ತು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಗಡಿ ದಾಟುವಂತಿರಲಿಲ್ಲ. ಅದು ತೊಲಗಿದ್ದು 1969ರಲ್ಲಿ. ಮೊನ್ನೆ ಮೊನ್ನೆ.

ಮಧ್ಯಾಹ್ನ ಇಳಿಹೊತ್ತಿಗೆ ಕಾರ್ಮೊ ಚೌಕಕ್ಕೆ ಬಂದೆ. ಸರ್ವಾಧಿಕಾರದ ಕೊನೆಯ ಪ್ರಧಾನಿ ಕಾಯ್ತಾನೊ ಬಂಡೆದ್ದ ಸೈನಿಕರಿಗೆ ಹೆದರಿ ಅಡಗಿದ್ದು, 1974ರ ಏಪ್ರಿಲ್ 25ರಂದು ಅಧಿಕಾರ ಬಿಟ್ಟುಕೊಟ್ಟದ್ದು ಇಲ್ಲಿ. ಅವತ್ತಿನ ಕತೆಯಲ್ಲಿ ಸೆಲೆಸ್ತ ಕಯೇರು ಎಂಬಾಕೆ ಇದ್ದಾಳೆ. ಹೋಟೆಲೊಂದರಲ್ಲಿ ಕೆಲಸಕ್ಕಿದ್ದವಳು. ಹೋಟೆಲಿಗೆ ಅವತ್ತು ವರ್ಷ ತುಂಬಿತ್ತು, ಗಿರಾಕಿಗಳಿಗೆ ಕೊಡಲು ಕಾರ್ನೇಶನ್ ಹೂ ತರಿಸಿದ್ದರು. ದಂಗೆ ಅಂತ ಬಾಗಿಲು ತೆರೆಯಲಿಲ್ಲ. ಹೂ ತಗೊಂಡು ಮನೆಗೆ ಹೋಗಿ ಅಂದರು. ಆಕೆ ನೆಟ್ಟಗೆ ಮನೆಗೆ ಹೋಗಲಿಲ್ಲ. ಏನಾಗ್ತಿದೆ ನೋಡೋಣ ಅಂತ ಸೈನಿಕರಿದ್ದ ಕಡೆಗೇ ನಡೆದಳು. ಒಬ್ಬ ಸಿಗರೇಟು ಕೇಳಿದ. ಇರಲಿಲ್ಲ, ಹೂ ಕೊಟ್ಟಳು. ಅವನು ಬಂದೂಕಿನ ಬಾಯಿಗೆ ಸಿಕ್ಕಿಸಿದ. ಕ್ರಾಂತಿಗೇ ಆ ಹೂವಿನ ಹೆಸರು ನಿಂತಿತು. ಆಕೆ ತೀರಿಕೊಂಡದ್ದು 2024ರಲ್ಲಿ. ಕೆಲಸ ತಪ್ಪಿದ ದಿನ ಬೀದಿ ಸುತ್ತಿದ ಹೆಂಗಸು. ಗಾದೆ ಕಟ್ಟಿದವರು ಆಕೆಯನ್ನು ಕಂಡಿರಲಿಲ್ಲ.

ಆ ಚೌಕದ ಜಕರಂಡ ಮರದ ಕೆಳಗೆ ಕೂತು ಅವ್ವನಿಗೆ ಫೋನು ಮಾಡಿದೆ. ನಮ್ಮೂರಲ್ಲಿ ಆಗ ರಾತ್ರಿ ಊಟದ ಹೊತ್ತು.

'ಎಲ್ಲಿದ್ದೀಯವ್ವ?'

'ಲಿಸ್ಬನ್ ಅಂತ ಊರು.'

'ಯಾರ್ ಜತೆ?'

'ಒಬ್ಬಳೇ.'

'ಏನ್ ಕೆಲ್ಸುಕ್ಕೋಗಿದ್ದೀಯೆ?'

'ಕೆಲ್ಸ ಏನಿಲ್ಲ ಕನವ್ವ. ಮರದ ಕೆಳಗೆ ಸುಮ್ನೆ ಕೂತಿದ್ದೀನಿ.'

ಆ ಕಡೆ ಮಾತು ನಿಂತಿತು. ಬೈತಾಳೆ ಅಂದುಕೊಂಡೆ.

'ಅಲ್ಲಿ ಕೂತ್ಕಳಾಕೆ ದುಡ್ಡು ಕೊಡಬೇಕಾ?'

'ಇಲ್ಲವ್ವ.'

'ಹಂಗಾದ್ರೆ ಇನ್ನೊಂದ್ ಗಳಿಗೆ ಕೂತ್ಕ.'